ಇ85 ಕಿಟ್ ಬರುವ ಮೊದಲು ಉರಿಗಾಂಗೆ ಅಳತೆ ಬರಲಿ

ಪೆಟ್ರೋಲ್ ಕಾರನ್ನು ಎಥೆನಾಲ್‌ನಲ್ಲೂ ಓಡುವಂತೆ ಮಾರ್ಪಡಿಸುವ ಕಿಟ್‌ಗಳನ್ನು ಈಗ ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ತರಿಸಿಕೊಳ್ಳಬಹುದು. ಬೆಂಗಳೂರಿನ ಟ್ಯೂನಿಂಗ್ ಗ್ಯಾರೇಜುಗಳಲ್ಲಿ ಟರ್ಬೊ ಕಾರಿನ ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ, ‘ಸ್ಟೇಜ್ ಒನ್’, ‘ಸ್ಟೇಜ್ ಟೂ’ ಮ್ಯಾಪ್ ತುಂಬುವುದು ಹಳೆಯ ಮಾತಾಗಿದೆ. ಅದರ ಮುಂದಿನ ಮೆಟ್ಟಿಲೇ ಫ್ಲೆಕ್ಸ್ ಫ್ಯೂಯೆಲ್. ಬೆಂಗಳೂರಿನ ಗ್ಯಾರೇಜಿಗೆ ಬಂದದ್ದು ಬಂಗಾರಪೇಟೆಗೆ, ಕೋಲಾರದ ಚಿನ್ನದ ಗಣಿಯ ಊರಾದ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಗೆ, ಉರಿಗಾಂಗೆ ಬರಲು ಹೆಚ್ಚು ದಿನ ಬೇಕಾಗುವುದಿಲ್ಲ. ಅದು ಇಲ್ಲಿ ಬೇರುಬಿಡುವ ಮೊದಲೇ, ಯಾರ ಎಂಜಿನ್ನೂ ಯಾರ ಜೀವವೂ ಹೋಗುವ ಮೊದಲೇ ಎಚ್ಚರಿಕೆಯ ಮಾತು ಹೇಳಬೇಕಿದೆ.

ನಮ್ಮ ತಕರಾರು ಎಥೆನಾಲ್ ಮೇಲಲ್ಲ, ವೇಗದ ಹುಚ್ಚಿರುವ ಹುಡುಗರ ಮೇಲೂ ಅಲ್ಲ. ಸರಿಯಾಗಿ ಮಾಡಿದರೆ ಇದು ಒಳ್ಳೆಯ ವಿದ್ಯೆ, ನಾಲ್ಕು ಜನರಿಗೆ ಅನ್ನ ಕೊಡಬಲ್ಲ ಕಸುಬು. ಆದರೆ ಅಳತೆ ಇಲ್ಲದೆ, ಪರೀಕ್ಷೆ ಇಲ್ಲದೆ, ಪಂಪಿನಲ್ಲಿ ಸ್ಪಷ್ಟ ಚೀಟಿಯೂ ಇಲ್ಲದೆ ಅದು ಶುರುವಾದರೆ ಆಮೇಲೆ ತಡೆಯುವುದು ಕಷ್ಟ.

ಮೂರು ಸೂಚನೆಗಳು ಈಗಾಗಲೇ ಕಣ್ಣೆದುರಿಗಿವೆ.

ಮೊದಲನೆಯದು ಇಂಧನ. ಶೇ 20 ಎಥೆನಾಲ್ ಬೆರೆತ ಇ20 ಪೆಟ್ರೋಲ್‌ಗೆ ಪ್ರಧಾನಿ ಚಾಲನೆ ಕೊಟ್ಟದ್ದು 2023ರ ಫೆಬ್ರುವರಿ 6ರಂದು, ಬೆಂಗಳೂರಿನಲ್ಲೇ. 2030ಕ್ಕೆಂದು ಇಟ್ಟುಕೊಂಡಿದ್ದ ಗುರಿಯನ್ನು ಸರ್ಕಾರ 2025–26ಕ್ಕೆ ಎಳೆದು ತಂದಿತು. 2025ರಲ್ಲೇ ಅದನ್ನು ಮುಟ್ಟಿತು. 2024ರ ಮಾರ್ಚ್‌ನಲ್ಲಿ ಕರ್ನಾಟಕವೂ ಸೇರಿದಂತೆ ಐದು ಕಡೆಯ ಆಯ್ದ ಪಂಪುಗಳಲ್ಲಿ ‘ಎಥೆನಾಲ್ 100’ ಮಾರಾಟ ಶುರುವಾಯಿತು. ಹೆಸರಿನಲ್ಲಿ ನೂರು ಇದ್ದರೂ ಅದರಲ್ಲಿರುವ ಎಥೆನಾಲ್ ಶೇ 93ರ ಆಸುಪಾಸು. ಉಳಿದದ್ದು ಪೆಟ್ರೋಲ್ ಮತ್ತು ಎರಡೂ ಬೇರೆಯಾಗದಂತೆ ಹಿಡಿದಿಡುವ ದ್ರಾವಕ. ಇ20 ತುಂಬಿಸಿದ ಟ್ಯಾಂಕಿಗೆ ಇದನ್ನು ಸುರಿದು ತನಗೆ ಬೇಕಾದ ಮಿಶ್ರಣ ಮಾಡಿಕೊಳ್ಳುವ ದಾರಿ ಹೀಗೆ ತೆರೆದುಕೊಂಡಿದೆ.

ಎರಡನೆಯದು ರಸ್ತೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಕರ್ನಾಟಕದ ಭಾಗ, ಹೊಸಕೋಟೆಯಿಂದ ಬೇತಮಂಗಲದ ಕಡೆಗಿನ ಸುಮಾರು 71 ಕಿಲೋಮೀಟರ್, 2024ರ ಕೊನೆಯಲ್ಲಿ ಸಂಚಾರಕ್ಕೆ ತೆರೆದುಕೊಂಡಿತು. ಮಾಲೂರು, ಬಂಗಾರಪೇಟೆ, ಕೆಜಿಎಫ್ ಸೀಮೆಯ ಹೊಲಗಳ ನಡುವೆ ನೇರವಾಗಿ ಚಾಚಿಕೊಂಡ ರಸ್ತೆ ಅದು. ಇಂಥ ರಸ್ತೆ ಕಂಡರೆ ಶಕ್ತಿಶಾಲಿ ಕಾರು ಇಟ್ಟುಕೊಂಡವನ ಕಾಲು ಪೆಡಲ್ ಮೇಲೆ ಸುಮ್ಮನಿರುವುದಿಲ್ಲ.

ಮೂರನೆಯದು ಇಲ್ಲಿನವರ ಕೈ. 2001ರ ಫೆಬ್ರುವರಿ ಕೊನೆಯಲ್ಲಿ ಚಿನ್ನದ ಗಣಿ ಬಾಗಿಲು ಹಾಕಿತು, ಆದರೆ ಗಣಿಯ ವರ್ಕ್‌ಶಾಪು ಕಲಿಸಿದ ಕೆಲಸ ಮನೆಗಳಲ್ಲಿ ಉಳಿಯಿತು. 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್ ಬುಲ್ಡೋಜರು, ಎಕ್ಸ್‌ಕವೇಟರುಗಳ ಜೊತೆಗೆ ಫಿಟ್ಟರು, ಟರ್ನರು, ವೆಲ್ಡರುಗಳ ತಲೆಮಾರುಗಳನ್ನೇ ತಯಾರಿಸಿತು. ಕೆಎ 08 ನಂಬರ್ ಪ್ಲೇಟಿನ ಗಾಡಿಯನ್ನು ಬಿಚ್ಚಿ ಜೋಡಿಸಬಲ್ಲವರಿಗೆ ಈ ಊರಿನಲ್ಲಿ ಬರವಿಲ್ಲ. ಕಿಟ್ ಕೈಗೆ ಬಂದರೆ ಅವರು ಕೂರಿಸಿಯೇ ಕೂರಿಸುತ್ತಾರೆ. ಕೂರಿಸಿದ ಮೇಲೆ ಏನನ್ನು ಅಳೆಯಬೇಕು, ಎಷ್ಟು ಬಂದರೆ ಸರಿ ಎಂದು ಹೇಳಿಕೊಡುವವರು ಇಲ್ಲದಿರುವುದೇ ನಮ್ಮ ಚಿಂತೆ.

ಎಥೆನಾಲ್‌ಗೆ ವೇಗಪ್ರಿಯರು ಮರುಳಾಗುವುದಕ್ಕೆ ಕಾರಣ ಇದೆ. ಅದರ ಆಕ್ಟೇನ್ ಸಂಖ್ಯೆ 108ರ ಆಸುಪಾಸು. ಆವಿಯಾಗುವಾಗ ಪೆಟ್ರೋಲ್‌ಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಹೀರಿಕೊಂಡು ಸಿಲಿಂಡರಿಗೆ ಹೋಗುವ ಗಾಳಿಯನ್ನು ತಣ್ಣಗಾಗಿಸುತ್ತದೆ. ಆದ್ದರಿಂದ ಟರ್ಬೊ ಒತ್ತಡ ಏರಿಸಬಹುದು, ಕಿಡಿಯನ್ನು ಇನ್ನಷ್ಟು ಮುಂಚೆ ಹೊತ್ತಿಸಬಹುದು. ಸ್ವೀಡನ್ನಿನ ಕೋನಿಗ್‌ಸೆಗ್ ಕಂಪನಿಯ ಸಿಸಿಎಕ್ಸ್ ಕಾರು ಪೆಟ್ರೋಲ್‌ನಲ್ಲಿ 806 ಅಶ್ವಶಕ್ತಿ ಕೊಡುತ್ತಿತ್ತು; 2007ರಲ್ಲಿ ಬಂದ ಅದರ ಎಥೆನಾಲ್ ರೂಪ ಸಿಸಿಎಕ್ಸ್‌ಆರ್ ಶೇ 85 ಎಥೆನಾಲ್ ಇರುವ ಇ85ರಲ್ಲಿ 1,018 ಕೊಟ್ಟಿತು. ಹುಡುಗರು ಈ ಅಂಕಿಯನ್ನು ಬಾಯಿಪಾಠ ಮಾಡಿಕೊಳ್ಳುತ್ತಾರೆ. ಆ ಕಂಪನಿ ಇಂಜೆಕ್ಟರು, ಇಂಧನದ ಪೈಪು, ಪಿಸ್ಟನ್ ರಿಂಗುಗಳನ್ನೆಲ್ಲ ಇದಕ್ಕಾಗಿಯೇ ಬದಲಿಸಿತ್ತು ಎಂಬುದು ಮಾತ್ರ ಯಾರ ನೆನಪಿನಲ್ಲೂ ಉಳಿಯುವುದಿಲ್ಲ.

ಲೆಕ್ಕ ಕೆಡುವುದು ಎಲ್ಲಿ ಎಂದು ಹತ್ತಿರದಿಂದ ನೋಡೋಣ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥೆನಾಲ್‌ಗೆ 9 ಕಿಲೋ ಸಾಕು. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಸುರಿಯಬೇಕು. ಇ85 ಆದರೆ ಲೀಟರ್ ಲೆಕ್ಕದಲ್ಲಿ ಪೆಟ್ರೋಲ್‌ಗಿಂತ ಸುಮಾರು ಶೇ 40ರಷ್ಟು ಹೆಚ್ಚು. ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಒಂದು ಸಿಲಿಂಡರಿನ ಪೂರ್ತಿ ಆವರ್ತನೆಗೆ ಸಿಗುವುದು 20 ಮಿಲಿಸೆಕೆಂಡ್. ಜೋರಾಗಿ ಓಡುವಾಗ ಇಂಜೆಕ್ಟರ್ ಅದರಲ್ಲಿ 16 ಮಿಲಿಸೆಕೆಂಡ್ ಬಾಯಿ ತೆರೆದಿರುತ್ತದೆ ಅಂತಿಟ್ಟುಕೊಳ್ಳಿ. ಇ85ಕ್ಕೆ ಅದು 22 ಮಿಲಿಸೆಕೆಂಡಿಗೂ ಹೆಚ್ಚು ಹೊತ್ತು ತೆರೆದಿರಬೇಕು. ಇರುವುದೇ 20. ಆಗ ಮಿಶ್ರಣದಲ್ಲಿ ಇಂಧನ ಕಡಿಮೆ ಬಿದ್ದು ಉರಿ ಹತೋಟಿ ತಪ್ಪುತ್ತದೆ. ಪಿಸ್ಟನ್ನಿನ ತಲೆ ಕರಗಲು, ರಿಂಗಿನ ಅಂಚು ಒಡೆಯಲು ಕೆಲವೇ ಕ್ಷಣ ಸಾಕು. ಇಂಧನವನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಈಗಿನ ಟರ್ಬೊ ಎಂಜಿನ್‌ಗಳಲ್ಲಿ ಸಿಗುವ ಸಮಯ ಇನ್ನೂ ಕಡಿಮೆ. ಅಲ್ಲಿ ಹೈ ಪ್ರೆಶರ್ ಪಂಪು ಮೊದಲು ಕೈಕೊಡುತ್ತದೆ.

ಸರಿಯಾದ ಪರಿವರ್ತನೆಯಲ್ಲಿ ಇಂಧನದ ದಾರಿಯಲ್ಲೇ ಒಂದು ಅಂಗೈಯಗಲದ ಸೆನ್ಸರ್ ಕೂರುತ್ತದೆ. ಹರಿಯುವ ಇಂಧನದಲ್ಲಿ ಎಥೆನಾಲ್ ಎಷ್ಟಿದೆ ಎಂಬುದನ್ನು ಅದು ಕಂಪನಸಂಖ್ಯೆಯಾಗಿ ಹೇಳುತ್ತದೆ. ಎಥೆನಾಲ್ ಇಲ್ಲದಿದ್ದರೆ 50 ಹರ್ಟ್ಜ್, ಬರೀ ಎಥೆನಾಲ್ ಆದರೆ 150. ನಮ್ಮ ಪಂಪಿನ ಇ20 ಆದರೆ 70ರ ಹತ್ತಿರ ತೋರಿಸಬೇಕು. ಇಸಿಯು ಅದನ್ನು ಓದಿ ಇಂಧನದ ಪ್ರಮಾಣವನ್ನೂ ಕಿಡಿಯ ಹೊತ್ತನ್ನೂ ಟರ್ಬೊ ಒತ್ತಡವನ್ನೂ ಬದಲಿಸುತ್ತದೆ. ಅಗ್ಗದ ಕಿಟ್‌ಗಳು ಹಲವು ಈ ಸೆನ್ಸರನ್ನೇ ಬಿಟ್ಟು, ಇಂಜೆಕ್ಟರ್ ತೆರೆದಿರುವ ಹೊತ್ತನ್ನು ಒಂದೇ ಪ್ರಮಾಣದಲ್ಲಿ ಹಿಗ್ಗಿಸುತ್ತವೆ. ಟ್ಯಾಂಕಿನಲ್ಲಿರುವುದು ಇ30ಯೋ ಇ70ಯೋ ಅವಕ್ಕೆ ಗೊತ್ತಾಗುವುದಿಲ್ಲ. ಇನ್ನೂ ಅಪಾಯದ ಮಾತು ಇದೆ. ಇ85ಕ್ಕೆ ಹೊಂದಿಸಿದ ಮ್ಯಾಪ್ ಹಾಗೇ ಇದ್ದು, ಚೆನ್ನೈ ದಾರಿಯಲ್ಲಿ ಬೇರೇನೂ ಸಿಗದೆ ಇ20 ತುಂಬಿಸಿಕೊಂಡರೆ, ಅಷ್ಟು ಒತ್ತಡವನ್ನೂ ಅಷ್ಟು ಮುಂಚಿನ ಕಿಡಿಯನ್ನೂ ಆ ಇಂಧನ ತಾಳದು. ಎಂಜಿನ್ ಒಳಗೆ ನಾಕಿಂಗ್, ಅಂದರೆ ಇಂಧನ ತಾನಾಗಿ ಸಿಡಿದು ಬಡಿಯುವ ಸದ್ದು, ಶುರುವಾಗುತ್ತದೆ.

ಒಳಗಿನ ಸದ್ದನ್ನು ಕೇಳಿಸಿಕೊಳ್ಳುವುದು ಈ ಊರಿಗೆ ಹೊಸದಲ್ಲ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಚಾಂಪಿಯನ್ ರೀಫ್‌ನಲ್ಲಿ ಒತ್ತಡ ತಾಳದೆ ಬಂಡೆ ಸಿಡಿಯುತ್ತಿತ್ತು. ಆ ರಾಕ್ ಬರ್ಸ್ಟ್‌ಗಳನ್ನು ಹಿಡಿಯಲು ಗಣಿ ಪ್ರದೇಶದಲ್ಲಿ ಭೂಕಂಪನ ಮಾಪಕಗಳ ಜಾಲವನ್ನೇ ಹಾಕಿದ್ದರು. ಅಳತೆಗೆ ಬೆಲೆ ಕೊಟ್ಟ ಊರು ಇದು. ಅಂಥ ಊರಿನ ಗ್ಯಾರೇಜಿನಲ್ಲಿ ನಾಕ್ ಸೆನ್ಸರಿನ ದಾಖಲೆ ನೋಡದೆ, ಗಾಳಿ–ಇಂಧನದ ಅನುಪಾತ ತೋರಿಸುವ ಲ್ಯಾಂಬ್ಡಾ ಮೀಟರ್ ಇಲ್ಲದೆ, ಬರೀ ಕಿವಿಯ ಅಂದಾಜಿನ ಮೇಲೆ ಇ85 ಮ್ಯಾಪ್ ಹಾಕುವುದು ಸಲ್ಲದು.

ಕಾರಿನ ಹುಚ್ಚಿಲ್ಲದವರಿಗೂ ಈ ಮಾತು ಸಂಬಂಧಪಟ್ಟಿದೆ. ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ ನಿಲ್ದಾಣಗಳಲ್ಲಿ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವ ಮನೆಗಳಲ್ಲಿ ಗಾಡಿ ವಾರಗಟ್ಟಲೆ ನಿಂತೇ ಇರುತ್ತದೆ. ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಅದು ಎಥೆನಾಲನ್ನೂ ಕರೆದುಕೊಂಡು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ತಗಡಿನ ಟ್ಯಾಂಕು ಅಲ್ಲಿಂದ ತುಕ್ಕು ಹಿಡಿಯುತ್ತದೆ. ಹಳೆಯ ಕಾರ್ಬುರೇಟರ್ ಬೈಕುಗಳಲ್ಲಿ ರಬ್ಬರ್ ಪೈಪು ಊದಿ ಬಿರುಕು ಬಿಡುವುದು, ಫ್ಲೋಟ್ ಬೌಲ್‌ನಲ್ಲಿ ಬಿಳಿ ಪುಡಿ ಕೂರುವುದು, ಜೆಟ್ ಕಟ್ಟಿಕೊಳ್ಳುವುದು ಇದರ ಗುರುತುಗಳು. ಇಸಿಯು ಇಲ್ಲದ ಕಾರ್ಬುರೇಟರಿಗೆ ಮಿಶ್ರಣವನ್ನು ತಾನಾಗಿ ಸರಿಪಡಿಸಿಕೊಳ್ಳುವ ಶಕ್ತಿಯಿಲ್ಲ. ನೀತಿ ಆಯೋಗದ 2021ರ ವರದಿಯೇ ಒಪ್ಪಿಕೊಂಡಂತೆ, ಎಥೆನಾಲ್ ಇಲ್ಲದ ಪೆಟ್ರೋಲ್‌ಗೆ ವಿನ್ಯಾಸವಾಗಿ ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಇ20 ಬಳಸಿದರೆ ಮೈಲೇಜ್ ಶೇ 6–7ರಷ್ಟು, ಅಂಥದೇ ಬೈಕುಗಳಲ್ಲಿ ಶೇ 3–4ರಷ್ಟು ಇಳಿಯುತ್ತದೆ. ಇ20ಗೇ ಹೀಗಾದರೆ, ಕಿಟ್ ಹಾಕಿಸಿಕೊಂಡು ಇ85ಕ್ಕೆ ಹೋಗುವ ಹಳೆಯ ಗಾಡಿಯ ಪಾಡೇನು?

ಎಂಜಿನ್ ಹಾಳಾದರೆ ಇನ್ನೊಂದು ತರಬಹುದು. ಇದಕ್ಕಿಂತ ದೊಡ್ಡ ಭಯ ಕ್ಯಾನುಗಳದ್ದು. ಎಥೆನಾಲ್ ಪಂಪು ಹತ್ತಿರದಲ್ಲಿ ಇಲ್ಲ ಎಂದಾಗ ಗ್ಯಾರೇಜಿನವರು ಕೈಗಾರಿಕಾ ಸ್ಪಿರಿಟ್ ಹುಡುಕತೊಡಗುತ್ತಾರೆ. ಪರವಾನಗಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ. ಅದಕ್ಕಿಂತ ಮುಖ್ಯವಾಗಿ, ಅದರಲ್ಲಿ ಮೆಥನಾಲ್ ಬೆರೆತಿರಬಹುದು. ಮೆಥನಾಲ್ ಅಲ್ಯೂಮಿನಿಯಂ ಭಾಗಗಳನ್ನು ತಿನ್ನುತ್ತದೆ. ಮನುಷ್ಯ ಕುಡಿದರೆ ಕಣ್ಣು ಹೋಗುತ್ತದೆ, ಜೀವ ಹೋಗುತ್ತದೆ. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಕೃಷ್ಣಗಿರಿ ಸೀಮೆಯಲ್ಲಿ ಮೆಥನಾಲ್ ಬೆರೆತ ಕಳ್ಳಬಟ್ಟಿ ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಸತ್ತವರಲ್ಲಿ ಹೆಚ್ಚಿನವರು ದಿನಗೂಲಿ ದುಡಿಯುವ ಬಡವರು. ಎರಡು ರಾಜ್ಯಗಳು ಕೂಡುವ ಈ ಗಡಿಯಲ್ಲಿ ‘ಕಾರಿಗೆ’ ಎಂದು ಹೇಳಿ ತಂದ ಸ್ಪಿರಿಟ್ ಕ್ಯಾನು ಗ್ಯಾರೇಜಿನ ಮೂಲೆಯಲ್ಲಿ ಕೂತರೆ, ಅದು ಯಾರ ಲೋಟಕ್ಕೆ ಹೋಗುತ್ತದೆ ಎಂದು ಯಾರು ಕಾಯುತ್ತಾರೆ? ಎಥೆನಾಲ್ ಕಿಟ್‌ಗಳ ಬಗ್ಗೆ ಮಾತಾಡುವವರು ಈ ಪ್ರಶ್ನೆಯನ್ನು ಎತ್ತುವುದೇ ಇಲ್ಲ. ನಾವು ಎತ್ತುತ್ತಿದ್ದೇವೆ, ಏಕೆಂದರೆ ಸತ್ತವರು ನಮ್ಮ ಸುತ್ತಲಿನವರು.

ಬೆಂಕಿಯ ಮಾತೂ ಇದೆ. ಎಥೆನಾಲ್ ಜ್ವಾಲೆ ನಸುನೀಲಿ. ಹಗಲ ಬೆಳಕಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಪೆಟ್ರೋಲ್ ಬೆಂಕಿಗೆ ಬಳಸುವ ಸಾಮಾನ್ಯ ನೊರೆ ಎಥೆನಾಲ್ ಮೇಲೆ ನಿಲ್ಲದೆ ಒಡೆದುಹೋಗುತ್ತದೆ. ಆಲ್ಕೋಹಾಲ್ ತಾಳುವ ನೊರೆಯೇ ಬೇಕು. ಬೆಸುಗೆ ಕಿಡಿ ಹಾರುವ ಶೆಡ್ಡಿನಲ್ಲೇ ಎಥೆನಾಲ್ ಡ್ರಮ್ಮು ಇಟ್ಟುಕೊಂಡರೆ ಆಗುವ ಅನಾಹುತಕ್ಕೆ ಹೊಸ ಹೆಸರು ಬೇಕಿಲ್ಲ.

ಕಾನೂನು ಏನು ಹೇಳುತ್ತದೆ ಎಂಬುದನ್ನೂ ತಿಳಿದಿರಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ, ನೋಂದಣಿ ಪತ್ರದಲ್ಲಿರುವ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಬೇರೆ ಇಂಧನಕ್ಕೆ ಬದಲಾಯಿಸುವ ಕಿಟ್‌ಗೆ ಅದೇ ಸೆಕ್ಷನ್ ದಾರಿ ಬಿಟ್ಟಿದೆ, ಆದರೆ ನಿಗದಿಯಾದ ಷರತ್ತಿಗೆ ಒಳಪಟ್ಟು ಮಾತ್ರ. ಅಕ್ರಮ ಮಾರ್ಪಾಡಿಗೆ 182ಎ ಸೆಕ್ಷನ್‌ನಲ್ಲಿ ಆರು ತಿಂಗಳವರೆಗೆ ಸೆರೆ, ಅಥವಾ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಎರಡೂ. ತಿಳಿಸದೆ ಮಾಡಿದ ಮಾರ್ಪಾಡು ವಿಮಾ ಪರಿಹಾರಕ್ಕೂ ಕುತ್ತು ತರಬಹುದು. ಸಿಎನ್‌ಜಿ, ಎಲ್‌ಪಿಜಿ ಕಿಟ್‌ಗಳು ಪರೀಕ್ಷಾ ಸಂಸ್ಥೆಗಳ ಒಪ್ಪಿಗೆ ಪಡೆದು ಬಂದ ಹಾಗೆ ಎಥೆನಾಲ್ ಕಿಟ್‌ಗಳೂ ಬರಲಿ. ಅಲ್ಲಿಯವರೆಗೆ ಆನ್‌ಲೈನ್ ಪೆಟ್ಟಿಗೆಯ ಮೇಲಿನ ಬಣ್ಣದ ಚೀಟಿಯನ್ನು ಯಾರೂ ಒಪ್ಪಿಗೆ ಎಂದು ತಿಳಿಯಬಾರದು.

ಹಾಗಂತ ದಾರಿಯೇ ಇಲ್ಲವೆಂದಲ್ಲ. ಬ್ರೆಜಿಲ್ 1975ರಲ್ಲೇ ಎಥೆನಾಲ್ ಕಾರ್ಯಕ್ರಮ ಶುರುಮಾಡಿತು. 1979ರಲ್ಲಿ ಪೂರ್ತಿ ಎಥೆನಾಲ್‌ನಲ್ಲಿ ಓಡುವ ಫಿಯೆಟ್ 147 ಬಂತು, 2003ರಲ್ಲಿ ಫ್ಲೆಕ್ಸ್ ಫ್ಯೂಯೆಲ್ ಗೋಲ್ ಬಂತು. ಅಲ್ಲಿ ಕಾರು ಹೊರಬಂದದ್ದು ಕಾರ್ಖಾನೆಯಲ್ಲಿ ಪರೀಕ್ಷೆಯಾಗಿ. ಪಂಪಿನಲ್ಲಿ ಏನು ಸಿಗುತ್ತದೆ ಎಂಬುದು ಜನರಿಗೆ ಗೊತ್ತಿತ್ತು. ನಮ್ಮ ರಾಜ್ಯದಲ್ಲೂ ಈ ದಾರಿ ತುಳಿದವರಿದ್ದಾರೆ. ಬಿಡದಿಯಲ್ಲಿ ಕಾರ್ಖಾನೆ ಇರುವ ಟೊಯೊಟಾ ಕಿರ್ಲೋಸ್ಕರ್ 2023ರ ಆಗಸ್ಟ್‌ನಲ್ಲಿ ಫ್ಲೆಕ್ಸ್ ಫ್ಯೂಯೆಲ್ ಇನ್ನೋವಾ ಹೈಕ್ರಾಸ್‌ನ ಮಾದರಿಯನ್ನು ತೋರಿಸಿತು. ನಮ್ಮ ನೆರೆಯ ಹೊಸೂರಿನ ಟಿವಿಎಸ್ 2019ರಲ್ಲೇ ಎಥೆನಾಲ್‌ನಲ್ಲಿ ಓಡುವ ಅಪಾಚೆ ಆರ್‌ಟಿಆರ್ 200 ಬೈಕನ್ನು ಮಾರುಕಟ್ಟೆಗೆ ತಂದಿತ್ತು. ಗ್ಯಾರೇಜಿನ ಪರಿವರ್ತನೆಯೂ ಈ ಶಿಸ್ತಿನಿಂದಲೇ ಕಲಿಯಬೇಕು.

ಕೋಲಾರ ಜಿಲ್ಲೆಗೆ ಇನ್ನೊಂದು ಲೆಕ್ಕವೂ ಇದೆ. ಕಬ್ಬಿನ ಸಕ್ಕರೆಯಿಂದ ತೆಗೆದ ಒಂದು ಲೀಟರ್ ಎಥೆನಾಲ್ ಹಿಂದೆ ಸುಮಾರು 2,860 ಲೀಟರ್ ನೀರಿದೆ ಎನ್ನುತ್ತದೆ ಅದೇ ನೀತಿ ಆಯೋಗದ ವರದಿ. 40 ಲೀಟರಿನ ಟ್ಯಾಂಕಿಗೆ ಇಂಥ ಇ85 ತುಂಬಿಸಿದರೆ 97 ಸಾವಿರ ಲೀಟರ್ ನೀರು. ಮೆಕ್ಕೆಜೋಳದಿಂದ ಬಂದದ್ದಾದರೆ ಲೆಕ್ಕ ಬೇರೆ, ಆದರೆ ಅದೂ ಬೆಳೆಯೇ, ಅದಕ್ಕೂ ನೀರು ಬೇಕು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ 2018ರಿಂದ ಕೆರೆ ತುಂಬಿಸಿಕೊಳ್ಳುತ್ತಿರುವ ಜಿಲ್ಲೆ ನಮ್ಮದು. ಈ ಇಂಧನವನ್ನು ಅಂದಾಜಿನ ಮ್ಯಾಪಿನಲ್ಲಿ ಸುಟ್ಟು ಹೊಗೆ ಮಾಡುವ ಹಕ್ಕು ನಮಗಿಲ್ಲ.

ಆದ್ದರಿಂದ ನಮ್ಮ ಒತ್ತಾಯಗಳನ್ನು ಸ್ಪಷ್ಟವಾಗಿ ಮುಂದಿಡುತ್ತೇವೆ.

ತೈಲ ಕಂಪನಿಗಳು ಬಂಗಾರಪೇಟೆ, ಕೆಜಿಎಫ್ ಪಂಪುಗಳ ಪ್ರತಿ ನಳಿಕೆಯ ಮೇಲೂ ಎಥೆನಾಲ್ ಪ್ರಮಾಣವನ್ನು ಕನ್ನಡದಲ್ಲೂ ತಮಿಳಿನಲ್ಲೂ ದೊಡ್ಡ ಅಕ್ಷರದಲ್ಲಿ ಬರೆಯಲಿ. ಗಣಿ ಕಟ್ಟಿದ ಈ ಊರು ಓದುವುದು ಎರಡೂ ಭಾಷೆಯಲ್ಲಿ. ಕೇಳಿದ ಗಿರಾಕಿಗೆ ಪಂಪಿನಲ್ಲೇ ಪರೀಕ್ಷೆ ಮಾಡಿ ತೋರಿಸಲಿ. ಅದಕ್ಕೆ ದೊಡ್ಡ ಪ್ರಯೋಗಾಲಯ ಬೇಡ. 100 ಮಿಲಿಲೀಟರಿನ ಅಳತೆ ಜಾಡಿಗೆ 90 ಮಿಲಿಲೀಟರ್ ಪೆಟ್ರೋಲ್, 10 ಮಿಲಿಲೀಟರ್ ನೀರು ಹಾಕಿ ಕುಲುಕಿ ನಿಲ್ಲಿಸಿ. ಎಥೆನಾಲ್ ನೀರಿನೊಡನೆ ಸೇರಿ ಕೆಳಗಿಳಿಯುತ್ತದೆ. ಇ20 ಆದರೆ ಕೆಳಗಿನ ಪದರ 10ರಿಂದ ಹೆಚ್ಚುಕಡಿಮೆ 28ಕ್ಕೆ ಏರುತ್ತದೆ. ಕರಾರುವಾಕ್ಕಾದ ಅಳತೆ ಅಲ್ಲ, ಆದರೆ ಕಣ್ಣಿಗೆ ಕಾಣುವ ಸಾಕ್ಷಿ. ಪ್ರತಿ ಗ್ಯಾರೇಜಿನಲ್ಲೂ ಇಂಥ ಜಾಡಿ ಇರಬೇಕು.

ಸಾರಿಗೆ ಇಲಾಖೆ ಮೊದಲ ಅಪಘಾತಕ್ಕೆ ಕಾಯದೆ ಕೆಜಿಎಫ್‌ನ ಗ್ಯಾರೇಜು ಮಾಲೀಕರ ಸಭೆ ಕರೆಯಲಿ. ಯಾವ ಮಾರ್ಪಾಡಿಗೆ ಅವಕಾಶವಿದೆ, ಯಾವುದಕ್ಕಿಲ್ಲ ಎಂಬುದನ್ನು ಬರಹದಲ್ಲಿ ಕೊಡಲಿ. ದಂಡ ಹಾಕಲು ಬರುವ ಮೊದಲು ತಿಳಿಸಿ ಹೇಳಲು ಬರಲಿ.

ಉರಿಗಾಂನಲ್ಲೇ ಡಾ. ಟಿ. ತಿಮ್ಮಯ್ಯ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಇದೆ. ಅಲ್ಲಿನ ಅಧ್ಯಾಪಕರು, ವಿದ್ಯಾರ್ಥಿಗಳು ಸ್ಥಳೀಯ ಮೆಕ್ಯಾನಿಕ್‌ಗಳಿಗೆ ಲ್ಯಾಂಬ್ಡಾ ಓದುವುದು, ಇಂಜೆಕ್ಟರ್ ಹರಿವು ಅಳೆಯುವುದು, ಯಾವ ಪೈಪು ಎಥೆನಾಲ್ ತಾಳುತ್ತದೆ ಎಂದು ಗುರುತಿಸುವುದನ್ನು ಕಲಿಸಲಿ. ಬಿಇಎಂಎಲ್‌ನಲ್ಲಿ ದುಡಿದು ನಿವೃತ್ತರಾದ ನುರಿತವರನ್ನು ಜೊತೆಗೆ ಕರೆದುಕೊಳ್ಳಲಿ. ಓದಿದವರೂ ಕೈ ಪಳಗಿದವರೂ ಒಂದೇ ಬೆಂಚಿಗೆ ಬಂದರೆ ಈ ಊರಿಗೆ ಹೊಸ ಕೆಲಸ ಹುಟ್ಟುತ್ತದೆ.

ಅಬಕಾರಿ ಇಲಾಖೆ ‘ಇಂಧನ’ದ ನೆಪದಲ್ಲಿ ಓಡಾಡಬಹುದಾದ ಸ್ಪಿರಿಟ್ ಮೇಲೆ ಗಡಿಯಲ್ಲಿ ಕಣ್ಣಿಡಲಿ. ಅಗ್ನಿಶಾಮಕ ಠಾಣೆಗಳಿಗೆ ಆಲ್ಕೋಹಾಲ್ ತಾಳುವ ನೊರೆಯನ್ನು ಸರ್ಕಾರ ಒದಗಿಸಲಿ.

ವೇಗ ಬೇಕೆನ್ನುವ ಹುಡುಗರಿಗೂ ಒಂದು ಮಾತು. ನಿಮ್ಮ ಎಕ್ಸ್‌ಪ್ರೆಸ್‌ವೇ ಮುಗಿಯುವುದು ಶ್ರೀಪೆರಂಬದೂರಿನ ಬಳಿ. ಅಲ್ಲೇ ಇರುಂಗಾಟುಕೋಟೈನಲ್ಲಿ ದೇಶದ ಹೆಸರಾಂತ ರೇಸ್ ಟ್ರ್ಯಾಕ್ ಇದೆ. ಕಾರಿನ ಶಕ್ತಿ ನೋಡಬೇಕೆಂದರೆ ಹೆಲ್ಮೆಟ್ ಹಾಕಿಕೊಂಡು ಅಲ್ಲಿ ನೋಡಿ. ಬಂಗಾರಪೇಟೆಯ ಹೊಲದಿಂದ ಮನೆಗೆ ಹೊರಟ ರೈತ ನಿಮ್ಮ ಪರೀಕ್ಷೆಗೆ ಸಿಗುವಂತಾಗಬಾರದು. ಇಂಜೆಕ್ಟರ್, ಪಂಪು, ಪೈಪು, ಸೆನ್ಸರ್, ಮ್ಯಾಪ್, ಈ ಐದರಲ್ಲಿ ಒಂದನ್ನು ಬಿಟ್ಟು ‘ಸದ್ಯಕ್ಕೆ ನಡೆಯುತ್ತೆ ಬಿಡು’ ಎನ್ನುವ ಗ್ಯಾರೇಜಿಗೆ ಕಾರು ಬಿಡಬೇಡಿ.

ಇವೆಲ್ಲ ದೊಡ್ಡ ಹಣ ಬೇಡುವ ಕೆಲಸಗಳಲ್ಲ. ಒಂದು ಚೀಟಿ, ಒಂದು ಜಾಡಿ, ಒಂದು ಸಭೆ, ಒಂದು ತರಬೇತಿ, ಒಂದಷ್ಟು ನೊರೆ. ಈಗ ಮಾಡಿದರೆ ಇಷ್ಟರಲ್ಲೇ ಮುಗಿಯುತ್ತದೆ. ತಡವಾದರೆ ಇದೇ ಇಲಾಖೆಗಳು ತನಿಖೆ, ಪರಿಹಾರ, ಮೊಕದ್ದಮೆ ಎಂದು ಇದರ ಹತ್ತು ಪಟ್ಟು ಖರ್ಚು ಮಾಡಬೇಕಾಗುತ್ತದೆ, ಹೋದ ಜೀವ ಮಾತ್ರ ವಾಪಸು ಬರುವುದಿಲ್ಲ. ತೈಲ ಕಂಪನಿ, ಸಾರಿಗೆ, ಅಬಕಾರಿ, ಅಗ್ನಿಶಾಮಕ, ಕಾಲೇಜು, ಗ್ಯಾರೇಜು, ಎಲ್ಲರೂ ಒಂದೇ ಮೇಜಿನ ಸುತ್ತ ಕೂರುವ ಸಭೆಯನ್ನು ಜಿಲ್ಲಾಡಳಿತ ಮುಂದಿನ ತಿಂಗಳೊಳಗೆ ಕೆಜಿಎಫ್‌ನಲ್ಲೇ ನಡೆಸಬೇಕು. ಅದಕ್ಕೆ ದಿನ ಗೊತ್ತುಮಾಡಿ ಎಂದು ಜಿಲ್ಲಾಧಿಕಾರಿಗಳನ್ನು ಈ ಸಂಪಾದಕೀಯದ ಮೂಲಕ ಕೇಳುತ್ತಿದ್ದೇವೆ.